ನಲವತ್ತನೆಯ ಬಿಲ್ಲೆ

ಮಕ್ಕಳೆಲ್ಲ ಹೋದ ಮೇಲೆ ಅವಳು ನೆಲ ಒರೆಸಿದಳು. ಚಾಪೆಗಳನ್ನು ಕೊಡವಿ, ಸುತ್ತಿ, ಗೋಡೆಗೆ ನಿಲ್ಲಿಸಿದಳು. ಹಾಲಿನ ಲೋಟಗಳನ್ನು ತೊಳೆದು ಬೋರಲು ಹಾಕಿದಳು. ಒದ್ದೆ ಕೈ ತಾಕಿದರೆ ಬಿಲ್ಲೆಗಳ ಬಣ್ಣ ಬಿಡುತ್ತದೆ. ಅದಕ್ಕೇ ಎರಡೂ ಕೈಗಳನ್ನು ಒಣ ಬಟ್ಟೆಯಲ್ಲಿ ಬೆರಳು ಬೆರಳಾಗಿ ಒರೆಸಿಕೊಂಡಳು. ಆಮೇಲೆ ಹಲಗೆಯ ಮುಂದೆ ನಿಂತಳು.

ಗೋಡೆಯ ಅಷ್ಟುದ್ದಕ್ಕೂ ಹಲಗೆ. ಅದಕ್ಕೆ ನಲವತ್ತು ಮೊಳೆ. ಮೊಳೆಗೊಂದು ರಟ್ಟಿನ ಬಿಲ್ಲೆ. ಬಿಲ್ಲೆಯ ಒಂದು ಮಗ್ಗುಲಿಗೆ ಹಳದಿ ನಗುಮುಖ, ಇನ್ನೊಂದು ಮಗ್ಗುಲಿಗೆ ನೀಲಿ ಅಳುಮುಖ. ಮನೆಗೆ ಹೊರಡುವ ಮುಂಚೆ ಪ್ರತಿ ಮಗುವೂ ತನ್ನ ಬಿಲ್ಲೆಯನ್ನು ಅವತ್ತಿನ ಮನಸ್ಸಿಗೆ ತಕ್ಕಂತೆ ತಿರುಗಿಸಿ ಹೋಗಬೇಕು. ಅದು ಅಲ್ಲಿನ ನಿಯಮ.

ಅವತ್ತು ಎಂಟು ನೀಲಿ ಇದ್ದವು. ಅವಳು ಒಂದೊಂದನ್ನೇ ಎತ್ತಿ ಹಳದಿಗೆ ತಿರುಗಿಸಿದಳು. ಇದು ಹಲ್ಲುನೋವಿನ ಹುಡುಗನದು. ಇದು ತಮ್ಮ ಹುಟ್ಟಿದ ಮೇಲೆ ಮನೆಯಲ್ಲಿ ಯಾರ ಕಣ್ಣಿಗೂ ಬೀಳದ ಹುಡುಗಿಯದು. ಇವೆರಡು, ಅಪ್ಪ ಆಸ್ಪತ್ರೆ ಸೇರಿದ ಅವಳಿಗಳದು. ಅವಳಿಗೆ ಎಲ್ಲ ಗೊತ್ತು. ಬಾಯಿ ಇಲ್ಲದವರಿಗೆ ಕಣ್ಣು ನಾಲ್ಕು. ಎಂಟನೆಯದು ಕೊನೆಯ ಸಾಲಿನ ಕೊನೆಯ ಮೊಳೆಯಲ್ಲಿತ್ತು. ಉಳಿದ ಬಿಲ್ಲೆಗಳ ಕೆಳಗೆ ಮಕ್ಕಳು ಆರಿಸಿಕೊಂಡ ಚಿತ್ರಗಳು, ಆನೆ, ಕೊಡೆ, ಮೀನು. ಇದರ ಕೆಳಗೆ ಚಿತ್ರವಿಲ್ಲ. ಪೆನ್ಸಿಲಿನಲ್ಲಿ ‘ಆಯಾ ಮಗು’ ಎಂದು ಬರೆದಿದೆ. ಅದು ಅವಳ ಮಗಳು.

ಅದನ್ನೂ ತಿರುಗಿಸಿದಳು.

ಅಕ್ಕ ಆಫೀಸು ಕೋಣೆಯಿಂದ ಫೋನು ಹಿಡಿದು ಬಂದಳು. ಮಕ್ಕಳ ಈ ಕೇಂದ್ರವನ್ನು ನಡೆಸುವವಳು ಅವಳೇ. “ನನ್ನ ಮೇಡಂ ಅನ್ನಬೇಡಿ, ಅಕ್ಕ ಅನ್ನಿ, ನಾವೆಲ್ಲ ಒಂದೇ ಮನೆಯವರು” ಎಂದು ಮೊದಲ ದಿನವೇ ಹೇಳಿಕೊಂಡವಳು. ಆ ಒಂದೇ ಮನೆಯಲ್ಲಿ ಆಯಾಗೆ ನೀರು ಕುಡಿಯಲು ಬೇರೆ ಲೋಟ.

ಅಕ್ಕ ಹಲಗೆಯ ಫೋಟೊ ತೆಗೆದಳು. ಅದು ಪ್ರತಿ ಸಂಜೆ ಕೇಂದ್ರಕ್ಕೆ ಹಣ ಕೊಡುವ ದೊಡ್ಡ ಆಫೀಸಿಗೆ ಹೋಗುತ್ತದೆ.

“ನಲವತ್ತಕ್ಕೆ ನಲವತ್ತು,” ಅಂದಳು. ದೀಪ ಆರಿಸಿದಳು.

ಹೀಗೆ ತಿರುಗಿಸುವ ಕೆಲಸಕ್ಕೂ ಅಲ್ಲೊಂದು ಹೆಸರಿದೆ. ಸರಿ ಮಾಡುವುದು. “ಮಕ್ಕಳು ಆಟಕ್ಕೆ ಹಾಗೆ ಹೀಗೆ ತಿರುಗಿಸಿಬಿಡ್ತಾವೆ. ಹೋಗೋ ಮುಂಚೆ ಸ್ವಲ್ಪ ಸರಿ ಮಾಡಿಬಿಡು” ಎಂದು ಅಕ್ಕ ಹೇಳಿ ಏಳು ತಿಂಗಳಾಗಿತ್ತು. ಏಳು ತಿಂಗಳು ಅವಳು ಒಂದು ದಿನವೂ ತಪ್ಪದೆ ಸರಿ ಮಾಡಿದ್ದಳು. ಗೇಟಿನ ಕಾವಲುಗಾರ ತಾತನಿಗೆ ಮಾತ್ರ ಈ ವಿಷಯ ಗೊತ್ತಿತ್ತು. “ನನ್ನದೂ ಒಂದು ಬಿಲ್ಲೆ ನೇತು ಹಾಕಮ್ಮ, ನನ್ನ ಸೊಂಟದ್ದು,” ಅನ್ನುತ್ತಿದ್ದ. “ದಿನಾ ಸಂಜೆ ತಿರುಗಿಸು. ಡಾಕ್ಟರ ಖರ್ಚಾದ್ರೂ ಉಳಿಯುತ್ತೆ.”

ಆ ಜಾಗಕ್ಕೆ ದೊಡ್ಡ ಹೆಸರಿದೆ. ಬಾಗಿಲ ಮೇಲಿನ ಫಲಕದಲ್ಲಿ ಮಕ್ಕಳ ದೇಹ, ಮಕ್ಕಳ ಮನಸ್ಸು, ಅರಳುವುದು, ಬೆಳಗುವುದು ಎಲ್ಲ ಬರೆದಿದೆ. ಓಣಿಯವರು ಅದನ್ನು ಆಟದಮನೆ ಅನ್ನುತ್ತಾರೆ. ಹಿಂದೆ ಅದು ನೂಲಿನ ಗೋದಾಮು. ಶಾಲೆ ಬಿಟ್ಟ ಮೇಲೆ ನಾಲ್ಕರಿಂದ ಏಳರವರೆಗೆ ಕಾರ್ಖಾನೆಯ ಹೆಂಗಸರ ಮಕ್ಕಳು ಅಲ್ಲಿಗೆ ಬರುತ್ತಾರೆ. ಒಂದು ಲೋಟ ಹಾಲು, ಒಂದು ಮೊಟ್ಟೆ, ಒಂದು ಗಂಟೆ ಪಾಠ, ಒಂದೂವರೆ ಗಂಟೆ ಆಟ. ತಿಂಗಳಿಗೊಮ್ಮೆ ಡಾಕ್ಟರು ಬಂದು ತೂಕ ಹಾಕಿ, ನಾಲಿಗೆ ನೋಡಿ ಹೋಗುತ್ತಾರೆ. ಒಳ್ಳೆಯದೇ. ಯಾರು ಬೇಡ ಅನ್ನುತ್ತಾರೆ.

ಅವಳೂ ಬೇಡ ಅಂದಿರಲಿಲ್ಲ. ಕುಣಿದಿದ್ದಳು. ಐದನೆಯ ತರಗತಿಗೆ ಶಾಲೆ ಬಿಟ್ಟು ಪೊರಕೆ ಹಿಡಿದವಳು ಅವಳು. ಗಂಡ ಅನ್ನುವವನು ಬೇರೆ ಊರಿನಲ್ಲಿ ಬೇರೆ ಹೆಂಡತಿಯ ಜೊತೆ ಇದ್ದಾನೆ, ಅವನ ಸುದ್ದಿ ಇಲ್ಲಿ ಬೇಡ. ಎಂಟು ವರ್ಷದ ಮಗಳು ಶಾಲೆಯಿಂದ ಬಂದ ಮೇಲೆ ಒಂದೇ ಕೋಣೆಯ ಮನೆಯಲ್ಲಿ ಬೀಗದೊಳಗೆ ಕೂತಿರುತ್ತಿದ್ದಳು. ಕೇಂದ್ರ ಶುರುವಾದಾಗ ಮೂವತ್ತೊಂಬತ್ತು ಮಕ್ಕಳು ಸಿಕ್ಕಿದ್ದರು. ನಲವತ್ತು ತುಂಬದಿದ್ದರೆ ಮಂಜೂರಾತಿ ಇಲ್ಲ. ಅಕ್ಕ ಸುತ್ತ ಕಣ್ಣಾಡಿಸಿ, ಬಾಗಿಲಲ್ಲಿ ನೆಲ ಒರೆಸುತ್ತಿದ್ದವಳನ್ನು ಕೇಳಿದಳು. “ನಿನಗೊಂದು ಹುಡುಗಿ ಇದೆಯಲ್ವಾ? ಕರ್ಕೊಂಡು ಬಾ.”

ಅವತ್ತು ಅವಳು ಮನೆಗೆ ನಡೆದು ಹೋಗಲಿಲ್ಲ, ಹಾರಿಕೊಂಡು ಹೋದಳು. ಓಣಿಯ ಹೆಂಗಸರಿಗೆಲ್ಲ ಹೇಳಿದಳು. “ನನ್ನ ಮಗಳಿಗೂ ಸೀಟು ಸಿಕ್ತು” ಅಂದಳು, ಕಾಲೇಜು ಸೇರಿಸಿದವಳ ಹಾಗೆ.

ಮಗಳಿಗೆ ಓಣಿಯವರು ಇಟ್ಟ ಹೆಸರು ಮಿಡತೆ. ಮನೆಯ ಮುಂದೆ ಒಂದು ಚರಂಡಿ. ದೊಡ್ಡವರು ಹಲಗೆಯ ಮೇಲೆ ಕಾಲಿಟ್ಟು ದಾಟುತ್ತಾರೆ. ಈ ಹುಡುಗಿ ಹಲಗೆ ಮುಟ್ಟಿದವಳಲ್ಲ. ನಾಲ್ಕು ಹೆಜ್ಜೆ ಹಿಂದೆ ಹೋಗಿ, ಓಡಿ ಬಂದು, ಚಂಗನೆ ಆಚೆ ದಡ. ಹಾಲು ತರಲು ಕಳಿಸಿದರೂ ಹಾಗೇ, ಕೈಯಲ್ಲಿ ಪಾತ್ರೆ ಹಿಡಿದು.

ಮೊದಲ ವಾರ ಮಿಡತೆ ಎಲ್ಲರ ಜೊತೆ ಆಡಿದಳು. ಎರಡನೆಯ ವಾರ ಒಬ್ಬ ಹುಡುಗ ಚಾಪೆಯ ಮೇಲೆ ವಾಂತಿ ಮಾಡಿದ. ಆಯಾ ಕಕ್ಕಸು ತೊಳೆಯುತ್ತಿದ್ದಳು. “ಅಮ್ಮ ಅಲ್ಲಿದಾಳಾ? ಹೋಗಲಿ, ನೀನೇ ಒಂದು ಬಟ್ಟೆ ತಗೊಂಬಾ, ಜಾಣೆ,” ಎಂದಳು ಅಕ್ಕ. ಮಿಡತೆ ಬಟ್ಟೆ ತಂದಳು. ಒರೆಸಿದಳು. ಅಕ್ಕ ಮಕ್ಕಳ ಕೈಯಲ್ಲೆಲ್ಲ ಚಪ್ಪಾಳೆ ತಟ್ಟಿಸಿದಳು.

ಬೆರಳು ಕೊಟ್ಟರೆ ಹಸ್ತ ನುಂಗುವುದು ಹೀಗೆ. ಮಾರನೆಯ ದಿನ ಲೋಟ ಎತ್ತಿಡುವುದು ಅವಳದಾಯಿತು. ಆಮೇಲೆ ಚಪ್ಪಲಿ ಸಾಲು ಮಾಡುವುದು. ಆಮೇಲೆ ಕಪಾಟು ಒಪ್ಪ ಮಾಡುವುದು. ಆಮೇಲೆ ಮೊಟ್ಟೆಯ ಸಿಪ್ಪೆ ಆಯುವುದು, ಚಿಕ್ಕ ಮಕ್ಕಳು ಒದ್ದೆ ಮಾಡಿದ ಚಾಪೆ ತಿಕ್ಕುವುದು. ಬೇರೆ ಮಕ್ಕಳು ಚೆಂಡು ಹಿಡಿದಾಗ ಅವಳು ಬಕೆಟ್ಟು ಹಿಡಿದಳು. ಹಾಜರಿ ಪುಸ್ತಕದಲ್ಲಿ ಅವಳು ನಲವತ್ತನೆಯ ಮಗು. ತೂಕದ ಯಂತ್ರದ ಮೇಲೆ ನಲವತ್ತನೆಯ ಮಗು. ಫೋಟೊದಲ್ಲಿ ನಲವತ್ತನೆಯ ಮಗು. ಅಂಗಳದಲ್ಲಿ ಮಾತ್ರ ಮೂವತ್ತೊಂಬತ್ತೇ ಮಕ್ಕಳು.

ತಾಯಿ ಏನು ಮಾಡಿದಳು? ಹೇಳಬೇಕಾದ್ದನ್ನು ಹೇಳಲೇಬೇಕು. ತಾಯಿ “ಮಾಡು ಮಗಳೇ, ಕೈ ಏನು ಸವೆಯಲ್ಲ” ಅಂದಳು. ಸೀಟು ಹೋದರೆ ಮತ್ತೆ ಬೀಗ. ಕೆಲಸ ಹೋದರೆ ಬೀಗ ಹಾಕಲು ಮನೆಯೂ ಇಲ್ಲ. ಹೆದರಿಕೆಗೆ ಎಷ್ಟು ಕಾರಣ ಬೇಕು? ಒಂದು ಸಾಕು.

ಕೈ ಸವೆಯಿತು. ಮೂರನೆಯ ತಿಂಗಳಿಗೆ ಮಿಡತೆಯ ಬೆರಳ ಸಂದಿಗಳು ಬಿಳಿಚಿ, ಬಿರಿದು, ಚರ್ಮ ಸುಲಿಯತೊಡಗಿತು. ಡಾಕ್ಟರು ಅವಳ ಅಂಗೈ ಮಗುಚಿ ನೋಡಿದರು. “ಇದೇನು ಹೀಗಾಗಿದೆ?”

ಮಿಡತೆ ಬಾಯಿ ತೆರೆದಳು. ಅಷ್ಟರಲ್ಲಿ ಪಕ್ಕದಲ್ಲಿದ್ದ ಅಕ್ಕ ನಕ್ಕಳು. “ತುಂಬಾ ನೀರಲ್ಲಿ ಆಡ್ತಾಳೆ ಡಾಕ್ಟ್ರೇ. ಹೇಳಿದ್ರೆ ಕೇಳೋದೇ ಇಲ್ಲ.”

ಡಾಕ್ಟರು ಪುಸ್ತಕದಲ್ಲಿ ‘ನೀರಾಟ ಕಡಿಮೆ ಮಾಡಬೇಕು’ ಎಂದು ಬರೆದರು. ಒಂದು ಕೊಳವೆ ಮುಲಾಮು ಕೊಟ್ಟರು. ತಾಯಿ ಬಾಗಿಲ ಹತ್ತಿರ ಫಿನಾಯಿಲಿನ ಬಕೆಟ್ಟು ಹಿಡಿದು ನಿಂತಿದ್ದಳು.  ಬಕೆಟ್ಟು ಎತ್ತಿಕೊಂಡು ಕಕ್ಕಸಿನ ಕಡೆ ಹೋದಳು. ರಾತ್ರಿ ಮುಲಾಮು ಹಚ್ಚಿದಳು, ಹಗಲು ಸೋಪಿನ ನೀರಿಗೆ ಕಳಿಸಿದಳು.

ಒಂದು ದಿನ ದಾರಿಯಲ್ಲಿ ಮಿಡತೆ ಕೇಳಿದಳು. “ಅಮ್ಮಾ, ನಿನ್ನೆ ನಾನು ಅಳೋದು ಹಾಕಿದ್ದೆ. ಇವತ್ತು ಬಂದು ನೋಡಿದ್ರೆ ನಗೋದಿತ್ತು.”

“ಹೌದಾ?”

“ಮೊನ್ನೆನೂ ಹಾಗೇ ಆಗಿತ್ತು. ಯಾರು ತಿರುಗಿಸ್ತಾರೆ?”

ತಾಯಿ ಹೆಜ್ಜೆ ಬೇಗ ಹಾಕಿದಳು. “ಗಾಳಿ ಇರಬೇಕು ಕಣೆ,” ಅಂದಳು.

“ಗಾಳೀನಾ?”

“ರಟ್ಟಿನ ಬಿಲ್ಲೆ ಅಲ್ವಾ. ಹಗುರ. ಕಿಟಕಿಯಿಂದ ಗಾಳಿ ಬಂದ್ರೆ ತಿರುಗಿಬಿಡುತ್ತೆ.”

ಮಿಡತೆ ಅದನ್ನು ನಂಬಿದಳು. ಅಮ್ಮ ಹೇಳಿದ್ದು. ಅಂದಿನಿಂದ ಸಂಜೆ ಹೊರಡುವಾಗ ತುದಿಗಾಲಲ್ಲಿ ನಿಂತು ಕಿಟಕಿಯ ಚಿಲಕ ಹಾಕುತ್ತಿದ್ದಳು. ಆದರೂ ಮಾರನೆಯ ದಿನ ನಗುಮುಖ. “ಇದು ಯಾವ ಗಾಳಿನೋ ಏನೋ,” ಅನ್ನುತ್ತಿದ್ದಳು, ದೊಡ್ಡವರ ಹಾಗೆ ತಲೆಯಾಡಿಸಿ. ತಾಯಿ ಬೇರೆ ಕಡೆ ನೋಡುತ್ತಿದ್ದಳು.

ಎಂಟು ನೀಲಿಯ ಆ ಸಂಜೆಯ ಮಾರನೆಯ ದಿನ ಜಿಗಿತದ ಸ್ಪರ್ಧೆ. ಅದರ ಮಾರನೆಯ ದಿನ ದೊಡ್ಡ ಆಫೀಸಿನಿಂದ ಅತಿಥಿಗಳು ಬರುವವರಿದ್ದರು. ಅವರ ಕೈಯಿಂದ ಬಹುಮಾನ ಕೊಡಿಸಬೇಕೆಂದು ಅಕ್ಕನ ಲೆಕ್ಕ.

ಅಂಗಳದಲ್ಲಿ ಮರಳಿನ ಗುಂಡಿ. ಆ ಮರಳನ್ನು ಅವಳೇ ಬೆಳಗ್ಗೆ ಜರಡಿ ಹಿಡಿದಿದ್ದಳು. ಗಾಜಿನ ಚೂರು, ಬಾಟಲಿ ಮುಚ್ಚಳ, ಬೆಕ್ಕಿನ ಹೊಲಸು ಆಯ್ದು ಬಿಸಾಕಿದ್ದಳು. ಸಂಜೆ ಒಬ್ಬೊಬ್ಬರು ಜಿಗಿದ ಮೇಲೂ ಮರಳು ಸಮ ಮಾಡುವುದು ಅವಳ ಕೆಲಸ. ಮರದ ಹಲ್ಲಿನ ಗೋರೆ ಹಿಡಿದು ಗುಂಡಿಯ ಪಕ್ಕ ನಿಂತಿದ್ದಳು. ಆಟ ಕಲಿಸುವವರನ್ನು ಮಕ್ಕಳು ಸೀಟಿ ಮೇಷ್ಟ್ರು ಅನ್ನುತ್ತಿದ್ದವು. ಕೆಟ್ಟ ಮನುಷ್ಯ ಅಲ್ಲ. ಗಟ್ಟಿ ಮನುಷ್ಯನೂ ಅಲ್ಲ. ಪ್ರತಿ ಮಗುವಿಗೂ ಮೂರು ಸರದಿ, ಮೂರರಲ್ಲಿ ಉದ್ದದ್ದು ಲೆಕ್ಕ ಎಂದು ಅವರು ಎಲ್ಲರಿಗೂ ಹೇಳಿದರು. ಮಿಡತೆ ಬಕೆಟ್ಟು ಇಟ್ಟು ಸಾಲಿನ ಕೊನೆಗೆ ಬಂದು ನಿಂತಳು. ಮೇಷ್ಟ್ರು ನೋಡಿದರು. ಬೇಡ ಅನ್ನಲಿಲ್ಲ.

ಅವಳ ಸರದಿ ಬಂತು. ನಾಲ್ಕು ಹೆಜ್ಜೆ ಹಿಂದೆ ಹೋದಳು. ಓಡಿ ಬಂದಳು. ಗುಂಡಿಯಂಚಿನ ಜಿಗಿಯುವ ಹಲಗೆ ಮುಟ್ಟಿದ್ದು ಕಾಣಲಿಲ್ಲ, ಮೇಲೆದ್ದಿದ್ದು ಮಾತ್ರ ಕಂಡಿತು. ಗಾಳಿಯಲ್ಲಿ ಮೊಣಕಾಲು ಮಡಿಸಿ, ಎರಡೂ ಕೈ ಮುಂದೆ ಚಾಚಿ, ಮರಳಿನಲ್ಲಿ ಧೊಪ್ಪನೆ ಕೂತಳು. ಅಲ್ಲಿಯವರೆಗಿನ ಉದ್ದದ ಗುರುತಿಗಿಂತ ಒಂದು ಗೇಣು ಆಚೆ. ಆ ಗುರುತು ಅವಳಿಗಿಂತ ಮೂರು ವರ್ಷ ದೊಡ್ಡ ಹುಡುಗನದು.

“ಏನೇ ಇದು, ಕಾಲಿಗೆ ಸ್ಪ್ರಿಂಗ್ ಕಟ್ಕೊಂಡಿದೀಯಾ?” ಅಂದರು ಮೇಷ್ಟ್ರು. ಮಕ್ಕಳು ಕೂಗಿದವು. ಸೋತ ಹುಡುಗ ಅವಳ ಬೆನ್ನಿಗೊಂದು ಗುದ್ದಿ, “ನೀನು ಮನುಷ್ಯಳಲ್ಲ ಬಿಡು” ಅಂದ. ಅದು ಹೊಗಳಿಕೆ. ಮಿಡತೆ ಹಲ್ಲೆಲ್ಲ ಬಿಟ್ಟು ನಕ್ಕಳು. ಏಳು ತಿಂಗಳಲ್ಲಿ ಮೊದಲ ಸಲ.

ತಾಯಿ ಮರಳು ಸಮ ಮಾಡಬೇಕಿತ್ತು. ಎರಡು ಹಿಮ್ಮಡಿಯ ಗುಳಿ ಮರಳಿನಲ್ಲಿ ಎಷ್ಟು ಚೊಕ್ಕ ಮೂಡಿದ್ದವೆಂದರೆ, ಗೋರೆ ಎಳೆಯಲು ಅವಳಿಗೆ ಕೈ ಬರಲಿಲ್ಲ. ಯಾರೂ ನೋಡದ ಹಾಗೆ ಬಗ್ಗಿ ಗೇಣು ಹಾಕಿ ಅಳೆದಳು. ಆಮೇಲೆ ಎಳೆದಳು.

ಅಷ್ಟರಲ್ಲಿ ಒಳಗಿನಿಂದ ಅಕ್ಕನ ದನಿ. “ಎಲ್ಲಿ ಅವಳು? ಆಯಾ ಮಗು! ಚಿಕ್ಕೋನು ಚಾಪೆ ಮೇಲೆ ಮಾಡ್ಕೊಂಡಿದಾನೆ, ಬಟ್ಟೆ ತಗೊಂಬಾ.”

“ನನ್ನ ಸರದಿ ಇನ್ನೂ ಎರಡಿದೆ ಅಕ್ಕಾ,” ಅಂದಳು ಮಿಡತೆ.

ಅಕ್ಕ ಬಾಗಿಲಿಗೆ ಬಂದಳು. “ಏನಂದೆ?”

“ಇನ್ನೂ ಎರಡು ಸಲ ಜಿಗೀಬೇಕು. ಎಲ್ಲರಿಗೂ ಮೂರು. ಮೇಷ್ಟ್ರು ಹೇಳಿದಾರೆ.”

ಮೇಷ್ಟ್ರು ಅಳತೆಯ ಟೇಪು ಸುತ್ತತೊಡಗಿದರು. ಅಕ್ಕ ಸಿಟ್ಟು ಮಾಡಲಿಲ್ಲ. ಅವಳು ಯಾವತ್ತೂ ಸಿಟ್ಟು ಮಾಡುವವಳಲ್ಲ, ಮಕ್ಕಳ ಮನಸ್ಸಿನ ಬಗ್ಗೆ ತರಬೇತಿ ಪಡೆದವಳು. “ಇವಳಿಗೆ ಸ್ವಲ್ಪ ಕೋಪ ಬಂದಿದೆ. ಸಮಾಧಾನದ ಮೂಲೆಯಲ್ಲಿ ಕೂತ್ಕೊಳ್ಳಲಿ,” ಅಂದಳು. ಮೃದುವಾಗಿ ಅಂದಳು. ಸಮಾಧಾನದ ಮೂಲೆ ಅಂದರೆ ಕಪಾಟಿನ ಪಕ್ಕದ ಜಾಗ, ಗೋಡೆಗೆ ಮುಖ. ಕೋಪ ಇಳಿದವರು ಎದ್ದು ಬರಬಹುದು. ಇಳಿಯಿತೋ ಇಲ್ಲವೋ ನೋಡುವವಳು ಅಕ್ಕ.

ಮಿಡತೆ ಅರ್ಧ ಗಂಟೆ ಕೂತಳು. ಹೊರಗೆ ಸೀಟಿ, ಕೂಗು, ಧೊಪ್ ಧೊಪ್. ಚಾಪೆ ಹಾಗೇ ಇತ್ತು, ಯಾರೂ ಮುಟ್ಟಿರಲಿಲ್ಲ. ಕೊನೆಗೆ ಅಕ್ಕ ಆಯಾಳನ್ನು ಒಳಗೆ ಕರೆದಳು.

“ನಾನೇ ಒರೆಸ್ತೀನಿ ಅಕ್ಕ,” ಅಂದಳು ತಾಯಿ.

“ಬೇಡ. ನೀನು ಒರೆಸಿದ್ರೆ ಅವಳು ಏನು ಕಲೀತಾಳೆ? ಹಟ ಗೆಲ್ಲುತ್ತೆ ಅಂತ ಕಲೀತಾಳೆ. ನಿನ್ನ ಕೈಯಾರೆ ಬಟ್ಟೆ ಕೊಡು. ತಾಯಿ ಕೊಟ್ರೆ ಮಕ್ಕಳು ಕೇಳ್ತಾವೆ.” ಆಮೇಲೆ ದನಿ ತಗ್ಗಿಸಿ, “ನಿನ್ನ ಕೆಲಸಕ್ಕೆ ಗೇಟಿನ ಹೊರಗೆ ಸಾಲು ನಿಂತಿದೆ, ಗೊತ್ತಲ್ವಾ?” ಅಂದಳು.

ತಾಯಿ ಬಟ್ಟೆ ತಂದಳು. ನೀರಿನಲ್ಲಿ ಅದ್ದಿ ಹಿಂಡಿದಳು. ಗೋಡೆಗೆ ಮುಖ ಮಾಡಿ ಕೂತ ಮಗಳ ಕೈ ಬಿಡಿಸಿ, ಬಟ್ಟೆಯನ್ನು ಅಂಗೈಯಲ್ಲಿಟ್ಟು, ಬೆರಳು ಮುಚ್ಚಿದಳು. ಬಿರಿದ ಬೆರಳು. ಮಿಡತೆ ಅಮ್ಮನ ಮುಖ ನೋಡಲಿಲ್ಲ. ಎದ್ದಳು. ಒರೆಸಿದಳು. ಮೂರು ಸಲ ಹಿಂಡಿ ಒರೆಸಿದಳು. ಹೇಗೆ ಹಿಂಡಬೇಕೆಂದು ಅವಳಿಗೆ ಗೊತ್ತಿತ್ತು.

ಏಳು ಗಂಟೆಗೆ ಅಕ್ಕ ಬಲೂನು ತರಲು ಹೋದಳು. “ಹಲಗೆ ಸರಿ ಮಾಡಿಟ್ಟು ಹೋಗು. ಫೋಟೊ ನಾಳೆ ತೆಗೀತೀನಿ,” ಎಂದಳು. ಮಕ್ಕಳು ಹೋದವು. ಮಿಡತೆ ಗೇಟಿನಲ್ಲಿ ತಾತನ ಹತ್ತಿರ ಕಾಯುತ್ತಿದ್ದಳು. ತಾಯಿ ಕೈ ಒರೆಸಿಕೊಂಡು ಹಲಗೆಯ ಮುಂದೆ ನಿಂತಳು. ನೀಲಿ ಎಂಟು. ಅವೇ ಎಂಟು. ಏಳನ್ನು ತಿರುಗಿಸಿದಳು. ಎಂಟನೆಯದು ತಿರುಗಲಿಲ್ಲ.

ಉಗುರಿನಿಂದ ಎತ್ತಿ ನೋಡಿದಳು. ಅಂಚಿನ ಸುತ್ತ ಬಿಳಿ ಅಂಟು ಉಕ್ಕಿ ಹೆಪ್ಪುಗಟ್ಟುತ್ತಿತ್ತು. ಕಪಾಟು ಒಪ್ಪ ಮಾಡುವವಳಿಗೆ ಅಂಟಿನ ಬಾಟಲಿ ಎಲ್ಲಿದೆ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಅರ್ಧ ಬಾಟಲಿ ಸುರಿದಿದ್ದಾಳೆ ಹುಡುಗಿ. ಅಂಟಿನ ಮೇಲೊಂದು ಪುಟ್ಟ ಬೆರಳಿನ ಗುರುತು.

ಅವಳು ದೀಪ ಆರಿಸಿ ಹೊರಗೆ ಬಂದಳು.

 ಮನೆಯ ಮುಂದಿನ ಚರಂಡಿ ಬಂತು. ತಾಯಿ ನಿಂತಳು, ದಿನವೂ ನಿಲ್ಲುವ ಹಾಗೆ, ಮಗಳು ಮೊದಲು ಹಾರಲಿ ಎಂದು. ಮಿಡತೆ ಹಿಂದೆ ಸರಿಯಲಿಲ್ಲ. ಹಲಗೆಯ ಮೇಲೆ ಒಂದು ಕಾಲಿಟ್ಟಳು, ಆಮೇಲೆ ಇನ್ನೊಂದು. ಮುದುಕಿಯ ಹಾಗೆ ದಾಟಿದಳು.

ತಾಯಿ ಚರಂಡಿಯ ಈಚೆಯೇ ನಿಂತು ನೋಡಿದಳು.

ಉಂಡು ಮಲಗುವಾಗ ಮಿಡತೆ ತಾನಾಗಿ ಮಾತು ತೆಗೆದಳು. “ಅಮ್ಮಾ, ಇವತ್ತು ಎಂಥಾ ಗಾಳಿ ಬಂದ್ರೂ ತಿರುಗಲ್ಲ.”

“ಏನು?”

“ನನ್ನ ಬಿಲ್ಲೆ. ಅಂಟು ಹಾಕಿದೀನಿ. ಗಾಳಿ ಎಷ್ಟು ಬೇಕಾದ್ರೂ ಬೀಸಲಿ.” ಗೋಡೆಯ ಕಡೆ ಹೊರಳಿದಳು. “ನಾಳೆ ದೊಡ್ಡೋರು ಬಂದು ನೋಡ್ತಾರೆ. ಯಾಕೆ ಅಳ್ತಾ ಇದೀಯ ಅಂತ ಕೇಳ್ತಾರೆ. ಆಗ ಹೇಳ್ತೀನಿ, ಎರಡು ಸರದಿ ಬಾಕಿ ಇದೆ ಅಂತ.”

ತಾಯಿ ಕತ್ತಲೆಯಲ್ಲಿ ಕಣ್ಣು ಬಿಟ್ಟುಕೊಂಡು ಮಲಗಿದಳು. ಅಕ್ಕನ ಮೇಲೆ ಬಂದ ಸಿಟ್ಟು ಸುತ್ತಿ ಸುತ್ತಿ ತನ್ನ ಮೇಲೇ ಬಂತು. ತನ್ನ ಮೇಲಿನ ಸಿಟ್ಟು ಮತ್ತೆ ಅಕ್ಕನ ಮೇಲೆ ಹೋಯಿತು. ಗಾಳಿಯಂತೆ. ಮಗಳು ಗಾಳಿಯ ಜೊತೆ ಜಗಳಕ್ಕೆ ನಿಂತಿದ್ದಾಳೆ. ಆ ಗಾಳಿ ಇಲ್ಲೇ, ಪಕ್ಕದಲ್ಲೇ ಮಲಗಿದೆ.

ಮಾರನೆಯ ದಿನ ನಾಲ್ಕು ಗಂಟೆಗೆ, ಮಕ್ಕಳು ಅಂಗಳದಲ್ಲಿ ಸೇರುತ್ತಿದ್ದಾಗ, ಅಕ್ಕನ ಕಣ್ಣಿಗೆ ಬಿತ್ತು. ಮೂವತ್ತೊಂಬತ್ತು ಹಳದಿಯ ಮೂಲೆಯಲ್ಲಿ ಒಂದು ನೀಲಿ.

“ಇದೇನು?”

ತಿರುಗಿಸಿದಳು. ತಿರುಗಲಿಲ್ಲ. ಎಳೆದಳು. ಬರಲಿಲ್ಲ. ಮೇಜಿನ ಮೇಲಿದ್ದ ಸ್ಟೀಲಿನ ಅಳತೆಪಟ್ಟಿ ತಂದು ಆಯಾಳ ಕೈಗೆ ಕೊಟ್ಟಳು. “ಬೇಗ ಕೆರೆದು ತೆಗಿ. ಇನ್ನೇನು ಬಂದುಬಿಡ್ತಾರೆ. ತೆಗೆದು ಆ ಜಾಗಕ್ಕೆ ಹೊಸದೊಂದು ಹಾಕು, ನಗೋದು.”

ಅವಳು ಪಟ್ಟಿಯ ಅಂಚನ್ನು ಬಿಲ್ಲೆಯ ಕೆಳಗೆ ತೂರಿಸಿದಳು. ಒತ್ತಿದಳು. ಅಂಟು ಚಟ್ ಎಂದಿತು. ಬಿಲ್ಲೆಯ ಒಂದು ಅಂಚು ಎದ್ದು, ನೀಲಿ ಮುಖದ ಗಲ್ಲ ಹರಿಯಿತು. ಹೆಪ್ಪುಗಟ್ಟಿದ ಅಂಟಿನ ಮೇಲೆ ಆ ಬೆರಳ ಗುರುತು ಹಾಗೇ ಇತ್ತು. ಮಗಳ ನೆತ್ತಿಗಿಂತ ಎತ್ತರದ ಮೊಳೆ. ಎಂಟು ವರ್ಷದ ಹುಡುಗಿ ತುದಿಗಾಲಲ್ಲಿ ನಿಂತು, ಸುಲಿದ ಬೆರಳಿಗೆ ಅಂಟು ಉರಿದರೂ ಬಿಡದೆ, ಬಿಲ್ಲೆ ಕಚ್ಚಿಕೊಳ್ಳುವ ತನಕ ಒತ್ತಿ ಹಿಡಿದಿದ್ದಾಳೆ.

ಅವಳು ಪಟ್ಟಿಯನ್ನು ಹೊರಗೆ ತೆಗೆದಳು.

“ಬರಲ್ವಾ?” ಅಂದಳು ಅಕ್ಕ.

“ಬರುತ್ತೆ,” ಅಂದಳು. “ನಾನು ತೆಗೆಯಲ್ಲ.”

ಅಕ್ಕ ಅವಳನ್ನೇ ನೋಡಿದಳು, ಬಕೆಟ್ಟು ಮಾತಾಡಿದರೆ ನೋಡುವ ಹಾಗೆ. “ನಿನಗೇನು ತಲೆ ಕೆಟ್ಟಿದೆಯಾ? ಇವತ್ತು ಯಾವ ದಿನ ಗೊತ್ತಾ? ನಾಳೆಯಿಂದ ನೀನೂ ಬರಬೇಡ, ನಿನ್ನ ಮಗಳೂ ಬೇಡ. ಅಷ್ಟೇ.”

“ಆಯ್ತು ಅಕ್ಕ,” ಅಂದಳು. ಅಳತೆಪಟ್ಟಿಯನ್ನು ಮೇಜಿನ ಮೇಲೆ, ಇದ್ದ ಜಾಗದಲ್ಲೇ, ನೇರವಾಗಿ ಇಟ್ಟಳು.  

ಗೇಟಿನಲ್ಲಿ ಕಾರಿನ ಸದ್ದಾಯಿತು. ಅಕ್ಕನಿಗೆ ಬೇರೆ ದಾರಿ ಇರಲಿಲ್ಲ. ಒಂದು ಕೆಂಪು ಬಲೂನು ತೆಗೆದು ಆ ಕೊನೆಯ ಮೊಳೆಗೆ ಕಟ್ಟಿದಳು. ನೀಲಿ ಮುಖ ಬಲೂನಿನ ಹಿಂದೆ ಹೋಯಿತು.

ಅತಿಥಿಗಳು ಐದು ಜನ. ನೆಲ ಫಳಫಳ ಹೊಳೆಯುತ್ತಿದ್ದುದರಿಂದ ಬಾಗಿಲಲ್ಲೇ ಶೂ ಬಿಚ್ಚಿದರು. ಒಳಗೆ ಮಕ್ಕಳು ಸಾಲಾಗಿ ಕೂತಿದ್ದವು. ಅಕ್ಕ ಹಲಗೆಯ ಪಕ್ಕ ನಿಂತು ಹೇಳತೊಡಗಿದಳು. ಇಲ್ಲಿ ಮಗು ತನ್ನ ಮನಸ್ಸನ್ನು ತಾನೇ ಹೇಳಿಕೊಳ್ಳುತ್ತದೆ. ಯಾರ ಒತ್ತಾಯವೂ ಇಲ್ಲ. ಮೊದಲ ತಿಂಗಳು ಅಳುಮುಖ ಬಹಳ ಇದ್ದವು, ಈಗ ನೋಡಿ. ಅತಿಥಿಗಳು ನೋಡಿದರು. ಒಬ್ಬಾಕೆ, ಕನ್ನಡಕದ ಹೆಂಗಸು, “ನಮ್ಮ ಮನೇಲೂ ಇಂಥದ್ದೊಂದು ಹಾಕಬೇಕು” ಅಂದಳು. ಎಲ್ಲರೂ ನಕ್ಕರು.

ಮಿಡತೆ ಸಾಲಿನ ಕೊನೆಯಲ್ಲಿ ಕೂತು ಬಲೂನನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಏನೋ ಮೆಲ್ಲಗೆ ಆರಿಹೋಯಿತು.

ಅಕ್ಕ ಮಾತಿನ ನಡುವೆಯೇ ಅವಳಿಗೆ ಕಣ್ಸನ್ನೆ ಮಾಡಿದಳು, ಬಾಗಿಲ ಕಡೆ. ಶೂಗಳು ಅಡ್ಡಾದಿಡ್ಡಿ ಬಿದ್ದಿದ್ದವು. ಮಿಡತೆ ಎದ್ದಳು. ಬಾಗಿಲಿಗೆ ಹೋಗಿ ಮೊಣಕಾಲೂರಿ ಒಂದು ಜೊತೆ ಶೂ ಎತ್ತಿಕೊಂಡಳು.

ತಾಯಿ ಅಂಗಳದಲ್ಲಿ ಮರಳಿನ ಗುಂಡಿಯ ಹತ್ತಿರ ಗೋರೆ ಹಿಡಿದು ನಿಂತಿದ್ದಳು. ಅಲ್ಲಿಂದ ಬಾಗಿಲು ಕಾಣುತ್ತದೆ. ಬಾಗಿಲಲ್ಲಿ ಮಗಳು ಕಂಡಳು, ಎದೆಗೆ ಒತ್ತಿ ಹಿಡಿದ ಯಾರದೋ ಶೂ ಕಂಡಿತು.

ಅವಳು ಗೋರೆ ಬಿಟ್ಟಳು. ಬಂದಳು. ಮಗಳ ಕೈಯಿಂದ ಶೂ ತೆಗೆದು ನೆಲಕ್ಕೆ ಹಾಕಿದಳು. ಒಂದು ಆ ಕಡೆ, ಒಂದು ಈ ಕಡೆ ಬಿತ್ತು. ಮಗಳ ಕೈ ಹಿಡಿದು ಒಳಗೆ ನಡೆದಳು. ಕಾಲಿನ ತುಂಬ ಮರಳು. ಬೆಳಗ್ಗೆ ಎರಡು ಸಲ ಒರೆಸಿದ ನೆಲ. ಒಂದೊಂದು ಹೆಜ್ಜೆಗೂ ಅವಳೇ ಒರೆಸಿದ ಹೊಳಪಿನ ಮೇಲೆ ಮರಳು ಕರಕರ ಅಂದಿತು.

“ಆಯಾ, ಈಗಲ್ಲ,” ಅಂದಳು ಅಕ್ಕ, ನಗುತ್ತಲೇ.

ಅವಳು ಹಲಗೆಯ ಹತ್ತಿರ ಹೋದಳು. ಬಲೂನನ್ನು ಕಿತ್ತಳು. ಹರಿದ ಗಲ್ಲದ ನೀಲಿ ಮುಖ ಹೊರಗೆ ಬಂತು. ಆಮೇಲೆ ಆನೆಯ ಮೇಲಿನ ಬಿಲ್ಲೆ ತಿರುಗಿಸಿದಳು. ಹಲ್ಲುನೋವಿನ ಹುಡುಗನದು. ನೀಲಿ. ಕೊಡೆಯ ಮೇಲಿನದು. ನೀಲಿ. ಅವಳಿಗಳ ಎರಡು ಮೀನು. ನೀಲಿ, ನೀಲಿ. ತಡವರಿಸಲಿಲ್ಲ, ಹುಡುಕಲಿಲ್ಲ. ಏಳು ತಿಂಗಳು ಯಾವುದನ್ನು ಮುಚ್ಚಿದ್ದಳೋ ಅದೆಲ್ಲ ಅವಳ ಬೆರಳಿಗೆ ಬಾಯಿಪಾಠವಾಗಿತ್ತು. ಎಂಟಾದವು. ಸಾಲಿನಲ್ಲಿ ಕೂತ ಹಲ್ಲುನೋವಿನ ಹುಡುಗ ಪಕ್ಕದವನಿಗೆ, “ಅದು ನಂದು ಕಣೋ. ನಾನು ಹಾಗೇ ಹಾಕಿದ್ದೆ” ಅಂದ. ಅಷ್ಟು ಜನರಲ್ಲಿ ಅದೊಂದು ದನಿ ಕೇಳಿಸಿತು.

ಅವಳು ಮಗಳ ಮುಂದೆ ಕುಕ್ಕರುಗಾಲಲ್ಲಿ ಕೂತಳು.

“ಗಾಳಿ ಅಲ್ಲ ಮಗಳೇ. ನಾನೇ. ದಿನಾ ನಾನೇ ತಿರುಗಿಸ್ತಿದ್ದೆ.”

ಮಿಡತೆ ಅಮ್ಮನ ಮುಖ ನೋಡಿದಳು.  ಕೈ ಹಿಂತೆಗೆದುಕೊಳ್ಳಲಿಲ್ಲ, ಬಿಗಿ ಹಿಡಿಯಲೂ ಇಲ್ಲ.

“ಏನು ನಡೀತಾ ಇದೆ ಇಲ್ಲಿ?” ಎಂದಳು ಕನ್ನಡಕದ ಹೆಂಗಸು.

“ಏನಿಲ್ಲ, ಇವಳಿಗೆ ಇವತ್ತು ಸ್ವಲ್ಪ ಮನಸ್ಸು ಸರಿಯಿಲ್ಲ,” ಅಂದಳು ಅಕ್ಕ. “ಪಾಪ, ಮನೆಯಲ್ಲಿ ತೊಂದರೆ.”

ತಾಯಿ ಎದ್ದು ನಿಂತಳು. ಅಷ್ಟು ಜನರ ಮುಂದೆ ಅವಳು ಯಾವತ್ತೂ ಬಾಯಿ ತೆರೆದವಳಲ್ಲ. ಐದನೆಯ ತರಗತಿಯಲ್ಲಿ ಒಂದು ಪದ್ಯ ಹೇಳಲು ಎದ್ದು, ಹೇಳಲಾಗದೆ ಕೂತಿದ್ದೇ ಕೊನೆ. ಮಗಳ ಎರಡೂ ಕೈ ಹಿಡಿದು, ಅಂಗೈ ಮೇಲೆ ಮಾಡಿ, ಅತಿಥಿಗಳ ಕಡೆ ಚಾಚಿದಳು. ಬಿಳಿಚಿದ ಸಂದಿ, ಸುಲಿದ ಚರ್ಮ, ಉಗುರಿನ ಸುತ್ತ ಒಣಗಿದ ಅಂಟು.

“ಇವಳು ನೀರಲ್ಲಿ ಆಡಿಲ್ಲ,” ಅಂದಳು.  ಮತ್ತೆ ಹೇಳಿದಳು. “ಆಡಿಲ್ಲ. ಒರೆಸಿದಾಳೆ. ಏಳು ತಿಂಗಳಿಂದ ನಿಮ್ಮ ಮಕ್ಕಳ ಚಾಪೆ ಒರೆಸಿದಾಳೆ. ಬಟ್ಟೆ ಕೊಟ್ಟವಳು ನಾನು. ನನ್ನ ತಪ್ಪು ನನಗಿರಲಿ. ನೀವು ನಲವತ್ತು ಮಕ್ಕಳು ಅಂತ ಎಣಿಸಿದೀರಲ್ಲ, ಅದರಲ್ಲಿ ಇವಳಿದಾಳೆ. ಆಟದಲ್ಲಿ ಇವಳಿಲ್ಲ.”

ಕನ್ನಡಕದ ಹೆಂಗಸು ಅಂಗೈಗಳನ್ನು ನೋಡಿ ಹಲಗೆಯ ಕಡೆ ತಿರುಗಿದಳು. ಉಳಿದವರು ಬಾಗಿಲ ಕಡೆ. ಅಕ್ಕ ನಗುವನ್ನು ಇಳಿಸಲು ಮರೆತಿದ್ದಳು.

“ನಿನ್ನೆ ಜಿಗಿತದಲ್ಲಿ ಎಲ್ಲರಿಗೂ ಮೂರು ಸರದಿ,” ಅಂದಳು ತಾಯಿ. “ಇವಳು ಒಂದು ಸಲ ಜಿಗಿದಳು. ಎಲ್ಲರಿಗಿಂತ ಉದ್ದ ಜಿಗಿದಳು, ಮೇಷ್ಟ್ರನ್ನ ಕೇಳಿ. ಅಷ್ಟರಲ್ಲಿ ಒಳಗೆ ಕರೆದ್ರು. ಇನ್ನೂ ಎರಡು ಬಾಕಿ ಇದೆ.”

ಸೀಟಿ ಮೇಷ್ಟ್ರು ಗೋಡೆಗೆ ಒರಗಿ ನಿಂತಿದ್ದರು. ಸೀಟಿಯ ದಾರವನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು.

“ಮರಳು ಸಮ ಮಾಡಿಟ್ಟಿದೀನಿ,” ಅಂದಳು. “ಇನ್ನೂ ಬೆಳಕಿದೆ. ಇವಳನ್ನ ಎರಡು ಸಲ ಜಿಗಿಯೋಕೆ ಬಿಡಿ.”

ಮಿಡತೆ ಅಮ್ಮನ ಕೈ ಬಿಟ್ಟು ಅಂಗಳಕ್ಕೆ ನಡೆದಳು, ನಾಲ್ಕು ಹೆಜ್ಜೆ ಹಿಂದೆ ಸರಿದು ಮರಳಿನ ಗುಂಡಿಗೆ ಮುಖ ಮಾಡಿ ನಿಂತಳು.